ಬುಧವಾರದ ಎಪಿಸೋಡು, ಗುರುವಾರದ ಜಗಳ

ನ್ಯೂಯಾರ್ಕ್‌ನಲ್ಲಿ ಬುಧವಾರ ರಾತ್ರಿ ಹತ್ತು ಗಂಟೆಯೆಂದರೆ ಬೆಂಗಳೂರಿನಲ್ಲಿ ಗುರುವಾರ ಬೆಳಗ್ಗೆ 7.30. ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಕಸದ ಗಾಡಿ, ಅಂಥ ಹೊತ್ತಲ್ಲೇ 'ಸೌತ್ ಪಾರ್ಕ್' ಎಂಬ ಅಮೆರಿಕದ ಕಾರ್ಟೂನ್ ಧಾರಾವಾಹಿಯ ಹೊಸ ಎಪಿಸೋಡಿನ ಮುಹೂರ್ತ. ನ್ಯೂಜೆರ್ಸಿಯ ಭಾವಮೈದ ಊಟ ಮುಗಿಸಿ ಕಾಲು ಚಾಚಿ ನೋಡುತ್ತಿರುತ್ತಾನೆ. ಇಲ್ಲಿ ಹಾಲು ಉಕ್ಕುವಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಅವನ ಮೆಸೇಜು: "ಭಾವ, ಕೆನ್ನಿ ಹೋಗ್ಬಿಟ್ಟ." ಕೆಳಗೆ ಅತ್ತೆಯವರು: "ಓಂ ಶಾಂತಿ. ಯಾರ ಮಗ?"

ಮೊದಲ ಐದು ಸೀಸನ್ ಆ ಕಾರ್ಟೂನಿನ ಹುಡುಗ ಕೆನ್ನಿ ಹೆಚ್ಚುಕಮ್ಮಿ ಪ್ರತಿ ಎಪಿಸೋಡಿನಲ್ಲೂ ಸತ್ತು, ಮುಂದಿನ ವಾರ ಏನೂ ಆಗದವನಂತೆ ಶಾಲೆಗೆ ಬರುತ್ತಿದ್ದ ಎಂದು ಅತ್ತೆಗೆ ತಿಳಿಸಿ ಹೇಳುವುದು ಕಷ್ಟ. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ. ಅಲ್ಲಿಂದ ನಮ್ಮ ಮುಹೂರ್ತ 8.30ಕ್ಕೆ. ಹಾಲಿನಿಂದ ಪಾರಾದವನು ಆಫೀಸಿನ ಬಸ್ಸಿಗೆ ಸಿಕ್ಕಿಬೀಳುತ್ತಾನೆ.

ಆ ಎಪಿಸೋಡಾದರೂ ಹಿಂದಿನ ಗುರುವಾರ ಹುಟ್ಟೇ ಇರುವುದಿಲ್ಲ. ಇದನ್ನು ಹುಟ್ಟಿಸಿದ ಟ್ರೇ ಪಾರ್ಕರ್, ಮ್ಯಾಟ್ ಸ್ಟೋನ್ ಗುರುವಾರ ಕಥೆಗೆ ಕೂತರೆ ಬುಧವಾರ ಬೆಳಗ್ಗೆ ಕಾಮಿಡಿ ಸೆಂಟ್ರಲ್ ಚಾನೆಲ್ಲಿಗೆ ಒಪ್ಪಿಸಬೇಕು. ಒಟ್ಟು ಆರು ದಿನ. 1997ರ ಮೊದಲ ಎಪಿಸೋಡಿಗೆ ಬಣ್ಣದ ಕಾಗದ ಕತ್ತರಿಸಿ, ಚೂರು ಚೂರನ್ನೂ ಕೈಯಲ್ಲಿ ಸರಿಸಿ ಶೂಟ್ ಮಾಡಿದ್ದರು; ತಿಂಗಳುಗಟ್ಟಲೆ ಹಿಡಿಯಿತು. ಈಗ ಕಂಪ್ಯೂಟರಿನಲ್ಲಿ ಮಾಯಾ ಸಾಫ್ಟ್‌ವೇರ್ ಇದೆ, ಆದರೂ ಪಾತ್ರಗಳು ಕಾಗದದ ಚೂರಿನಂತೆ ಕುಪ್ಪಳಿಸಿಯೇ ನಡೆಯಬೇಕು, ಅದಕ್ಕೆ ಬೇರೆ ಮುತುವರ್ಜಿ. ಮಾಡುವವರಿಗೆ ಆರು ದಿನ ಸಾಕು. ಚರ್ಚಿಸುವವರಿಗೆ ಏಳು ದಿನ ಸಾಲದು.

ಚರ್ಚೆ ಶುರುವಾಗುವುದು ಪಾಜ್ ಬಟನ್ನಿನಿಂದ. ಮೊದಲ ಎಪಿಸೋಡಿನಲ್ಲಿ ಬಂದ ಅನ್ಯಗ್ರಹದವರನ್ನು ಆಮೇಲೆ ಎಷ್ಟೋ ಎಪಿಸೋಡುಗಳ ಹಿನ್ನೆಲೆಯಲ್ಲಿ ಅಡಗಿಸಿಟ್ಟಿದ್ದಾರೆ. ಹುಡುಕುವವರು ಮಾತಾಡುವ ಪಾತ್ರವನ್ನು ಬಿಟ್ಟು ಗುಂಪಿನ ಹಿಂದಿನ ಸಾಲು, ಗೋಡೆಯ ಚಿತ್ರ ನೋಡಬೇಕು. ಮೊಬೈಲಿನಲ್ಲಿ ಇದು ಆಗದ ಕೆಲಸ: ಪಾಜ್ ಒತ್ತಿದೊಡನೆ ಪ್ಲೇಯರಿನ ದೊಡ್ಡ ತ್ರಿಕೋನ ನಡುಮಧ್ಯೆ ಬಂದು ಕೂರುತ್ತದೆ, ಕೆಳಗಿನ ಭಾಗವನ್ನು ಸಬ್‌ಟೈಟಲ್ ನುಂಗುತ್ತದೆ. ಯೂಟ್ಯೂಬಿನ ಟ್ರೈಲರ್ ಆದರೆ ಕಂಪ್ಯೂಟರಿನಲ್ಲಿ ನಿಲ್ಲಿಸಿ ಪೂರ್ಣವಿರಾಮದ ಕೀ ಒತ್ತಿ, ಒಂದೊಂದೇ ಫ್ರೇಮು ಮುಂದೆ ಹೋಗುತ್ತದೆ. ಅಲ್ಪವಿರಾಮದ ಕೀ ಒತ್ತಿದರೆ ಹಿಂದಕ್ಕೆ. ಕೆನ್ನಿಯ ಹುಡ್ಡಿಯೊಳಗಿನ ಗೊಣಗಾಟವನ್ನೂ ಹೀಗೇ ಹತ್ತು ಸಲ ಕೇಳಿ ಬಿಡಿಸುವವರಿದ್ದಾರೆ. ಬಿಡಿಸಿದ ಮೇಲೆ ಅದು ಫ್ಯಾಮಿಲಿ ಗ್ರೂಪಿಗೆ ಹಾಕುವಂಥದ್ದಾಗಿರುವುದಿಲ್ಲ.

ಮುಂದಿನ ಕಥೆ ಊಹಿಸುವವರ ಪಾಡು ಇನ್ನೂ ಕಷ್ಟ. 2016ರ ಸೀಸನ್ ಇಡೀ ಒಂದೇ ಕಥೆ. ಆರು ಎಪಿಸೋಡಿನ ಸುಳಿವುಗಳನ್ನು ಕೂಡಿಸಿ ಕಳೆದು ಅಭಿಮಾನಿಗಳು ಕ್ಲೈಮ್ಯಾಕ್ಸನ್ನೇ ಬರೆದಿಟ್ಟುಕೊಂಡಿದ್ದರು. ಮಾಡಿದವರೂ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಗೆಲ್ಲುತ್ತಾರೆಂದು ನಂಬಿ ನವೆಂಬರ್ 9ರ ಎಪಿಸೋಡಿಗೆ 'ದ ವೆರಿ ಫಸ್ಟ್ ಜಂಟಲ್‌ಮನ್' (ಅಂದರೆ ಅಧ್ಯಕ್ಷೆಯ ಗಂಡ) ಎಂದು ಹೆಸರಿಟ್ಟಿದ್ದರು. 8ರ ರಾತ್ರಿ ಟ್ರಂಪ್ ಗೆದ್ದರು. ರಾತ್ರೋರಾತ್ರಿ ತಿದ್ದಿ, 'ಓ, ಜೀಸ್' ಎಂದು ಮರುನಾಮಕರಣ ಮಾಡಿ, ಹೇಳಿದ ಹೊತ್ತಿಗೇ ಬಿಟ್ಟರು. ಬರೆದವರಿಗೇ ಗೊತ್ತಿಲ್ಲದ ಕ್ಲೈಮ್ಯಾಕ್ಸನ್ನು ಸುಳಿವಿನಲ್ಲಿ ಹುಡುಕಿದರೆ ಸಿಗುವುದೆಲ್ಲಿಂದ?

2025ರಲ್ಲಿ ವಾರಕ್ಕೊಂದರ ಬದಲು ಎರಡು ವಾರಕ್ಕೊಂದು ಮಾಡಿದರು. ಹೆಚ್ಚುವರಿ ಏಳು ದಿನವೂ ಊಹೆಗೇ ಮೀಸಲಾಯಿತು. ಸೆಪ್ಟೆಂಬರ್ 17ರಂದು ಎಪಿಸೋಡು ಬರಲೇ ಇಲ್ಲ. ಸರ್ಕಾರ ತಡೆದಿದೆ, ಚಾನೆಲ್ ಹೆದರಿದೆ ಎಂದು ಬಗೆಬಗೆಯ ಸಿದ್ಧಾಂತ. ಕೊನೆಗೆ ಪಾರ್ಕರ್, ಸ್ಟೋನ್ ಅವರೇ ಹೇಳಿದರು: ಎಲ್ಲಾ ಕಡೇ ಗಳಿಗೆಯಲ್ಲಿ ಮಾಡಿದರೆ ಕೆಲವೊಮ್ಮೆ ಮುಗಿಯುವುದಿಲ್ಲ, ತಪ್ಪು ನಮ್ಮದೇ. 2013ರ ಅಕ್ಟೋಬರ್ 16ರಂದು ಮೊದಲ ಸಲ ಗಡುವು ತಪ್ಪಿದ್ದಕ್ಕೆ ಸ್ಟುಡಿಯೋದಲ್ಲಿ ಕರೆಂಟ್ ಹೋದದ್ದು ಕಾರಣ. ಹೋಮ್‌ವರ್ಕ್ ಯಾಕೆ ತಂದಿಲ್ಲ ಎಂದರೆ ನಮ್ಮ ಮಕ್ಕಳೂ ಈ ಎರಡರಲ್ಲಿ ಒಂದನ್ನೇ ಹೇಳುವುದು. 2025ರಲ್ಲಿ ಐದು ಎಪಿಸೋಡಾದ ಮೇಲೆ ಅಕ್ಟೋಬರ್ 15ಕ್ಕೆ ನೋಡಿದರೆ ಅದು 28ನೇ ಸೀಸನ್ನಿನ ಮೊದಲನೆಯದು! 27ನೇ ಸೀಸನ್ನಿನ ಆರನೆಯದೆಂದು ಪಟ್ಟಿಯಲ್ಲಿ ಬರೆದುಕೊಂಡವರು ರಬ್ಬರ್ ಹುಡುಕಿದರು.

ಹಳಬರಿಗೆ ಇದೆಲ್ಲ ಹೊಸತಲ್ಲ. ಮೊದಲ ಸೀಸನ್ ಮುಗಿದದ್ದು ಕೆನ್ನಿಯ ಗೆಳೆಯ ಕಾರ್ಟ್‌ಮನ್‌ನ ಅಪ್ಪ ಯಾರು ಎಂಬ ಪ್ರಶ್ನೆಯಲ್ಲಿ. ಉತ್ತರಕ್ಕೆ ಕಾದವರಿಗೆ 1998ರ ಏಪ್ರಿಲ್ 1ರಂದು ಸಂಬಂಧವೇ ಇಲ್ಲದ ಎಪಿಸೋಡು ತೋರಿಸಿ ಏಪ್ರಿಲ್ ಫೂಲ್ ಮಾಡಿದರು, ಜನ ಕೆರಳಿದರು. 22ಕ್ಕೆ ಉತ್ತರ ಬಂತು: ಅಮ್ಮನೇ ಅಪ್ಪ. ಹನ್ನೆರಡು ವರ್ಷ ಇದನ್ನೇ ಹಿಡಿದು ವಾದಿಸಿದರು. 2010ರಲ್ಲಿ ಅದೂ ಸುಳ್ಳಾಗಿ, ಅಪ್ಪ ಡೆನ್ವರ್ ಬ್ರಾಂಕೋಸ್ ತಂಡದ ಆಟಗಾರ ಜ್ಯಾಕ್ ಟೆನೊರ್‌ಮನ್ ಎಂದಾಯಿತು. ಅವನನ್ನು ಒಂಬತ್ತು ವರ್ಷ ಮೊದಲೇ ಕೊಲ್ಲಿಸಿ ಚಿಲ್ಲಿ ಎಂಬ ಮಾಂಸದ ಸಾರಿನೊಳಗೆ ಬೇಯಿಸಿದವನು ಕಾರ್ಟ್‌ಮನ್ನೇ. ಅಭಿಮಾನಿಗಳು ಆ ಪಾತ್ರೆಯನ್ನೂ ನಿಲ್ಲಿಸಿ ನೋಡಿದ್ದರು, ಅನ್ಯಗ್ರಹದವನೇನಾದರೂ ಇದ್ದಾನೋ ಎಂದು.