ಮಂಗಳವಾರದ ಟಾಕೋಗೆ ಮಾಲೀಕರು ಯಾರು?

ನಾಳೆ ಯಾರಾದರೂ "ಊಟ ಆಯ್ತಾ" ಅಂತ ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿ, ಟ್ರೇಡ್‌ಮಾರ್ಕ್ ಮಾಡಿಸಿಕೊಂಡು, ಇನ್ಮೇಲೆ ಇದು ನಮ್ಮದು ಅಂತ ಊರಿಗೆಲ್ಲ ನೋಟಿಸ್ ಕಳಿಸಿದರೆ? ನಗಬೇಡಿ. ಅಮೆರಿಕದಲ್ಲಿ 30 ವರ್ಷಕ್ಕೂ ಮೇಲೆ ಹೆಚ್ಚೂಕಮ್ಮಿ ಇದೇ ನಡೆದಿತ್ತು.

ಮಂಗಳವಾರ ಟಾಕೋ (ಮಡಚಿದ ರೊಟ್ಟಿಯೊಳಗೆ ಮಾಂಸ, ತರಕಾರಿ ತುಂಬಿದ ಮೆಕ್ಸಿಕನ್ ತಿಂಡಿ) ತಿನ್ನೋದು ಅಲ್ಲಿನ ರೂಢಿ. ಅವತ್ತು ಹೋಟೆಲಿನವರು ರೇಟು ಇಳಿಸಿ, ಬೋರ್ಡಿಗೆ "ಟಾಕೋ ಟ್ಯೂಸ್‌ಡೇ" ಅಂತ ಬರೀತಾರೆ. ವಯೋಮಿಂಗ್ ರಾಜ್ಯದ ಟಾಕೋ ಜಾನ್ಸ್ ಅನ್ನೋ ಹೋಟೆಲ್ ಕಂಪನಿ ಈ ಎರಡು ಪದವನ್ನ 1989ರಲ್ಲಿ ತನ್ನ ಹೆಸರಿಗೆ ನೋಂದಾಯಿಸಿಕೊಂಡಿತ್ತು. ನ್ಯೂಜೆರ್ಸಿ ಒಂದು ಬಿಟ್ಟು. ಅಲ್ಲಿ ಇನ್ಯಾವುದೋ ಹೋಟೆಲಿನದಾಗಿತ್ತು ಹಕ್ಕು! ಈ ಮಾತು ಬಳಸಿದ್ದಕ್ಕೆ ಟಾಕೋ ಜಾನ್ಸ್ 2019ರಲ್ಲಿ ತನ್ನದೇ ಊರಿನ ಸಣ್ಣ ಬಿಯರ್ ತಯಾರಕರಿಗೂ ನೋಟಿಸ್ ಕಳಿಸಿತು. ಅದೇ ವರ್ಷ ಬ್ಯಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಕಡೆಯವರು ಇದೇ ಮಾತಿಗೆ ಅರ್ಜಿ ಹಾಕಿದರೆ, ಇದು ಎಲ್ಲರೂ ಆಡೋ ಮಾತು, ಕೊಡಲ್ಲ ಅಂದಿತು ಟ್ರೇಡ್‌ಮಾರ್ಕ್ ಕಚೇರಿ. ಹಾಗಾದರೆ ಮೊದಲು ಕೊಟ್ಟಿದ್ದರ ಕತೆ? ಅದು ಹಾಗೇ ಇತ್ತು. ರದ್ದು ಮಾಡಿ ಅಂತ ಯಾರಾದರೂ ಕೇಳಬೇಕು. 2023ರ ಮೇನಲ್ಲಿ ಟಾಕೋ ಬೆಲ್ ಅನ್ನೋ ದೊಡ್ಡ ಹೋಟೆಲ್ ಕಂಪನಿ ಕೇಳಿತು. ಜುಲೈಗೆಲ್ಲ ಟಾಕೋ ಜಾನ್ಸ್ ಕೈಬಿಟ್ಟಿತು. ವಕೀಲರಿಗೆ ಸುರಿಯೋ ಬದಲು ಸುಮಾರು 40,000 ಡಾಲರ್ ಹೋಟೆಲ್ ನೌಕರರ ಕುಟುಂಬಗಳ ನೆರವಿಗೆ ಕೊಡ್ತೀವಿ ಅಂದಿತು.

ಆ ಬಿಯರ್‌ನವರಿಗೂ ಇದೇ ದಾರಿ ತೆರೆದಿತ್ತು. ಹೋಗೋಕೆ ಮಾತ್ರ ಟಾಕೋ ಬೆಲ್‌ನಂಥ ಜೇಬು ಬೇಕು. ನನಗೆ ಸಿಟ್ಟು ಬರೋದೇ ಇಲ್ಲಿ.

ಕಾನೂನಿನಲ್ಲಿ ಮಿತಿಗೇನೂ ಕೊರತೆ ಇಲ್ಲ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬಳಕೆ ಮಾತಿಗೆ, ಒಬ್ಬರ ಸರಕನ್ನ ಇನ್ನೊಬ್ಬರದರಿಂದ ಬೇರೆ ಮಾಡಿ ತೋರಿಸದ ಹೆಸರಿಗೆ ನೋಂದಣಿ ಇಲ್ಲ. (ಬಳಸೀ ಬಳಸೀ ಜನರ ಮನಸ್ಸಲ್ಲಿ ಒಬ್ಬರದೇ ಆಗಿ ಕೂತಿದ್ದರೆ ಅದು ಬೇರೆ.) ನಮ್ಮ ನಂದಿನಿ ಕೇಸನ್ನೇ ನೋಡಿ. ಕೆಎಂಎಫ್‌ನ ನಂದಿನಿ 1985ರದು, ಬೆಂಗಳೂರಿನ ಆಂಧ್ರ ಊಟದ ನಂದಿನಿ 1989ರದು. ಹೋಟೆಲಿನವರ ನೋಂದಣಿಗೆ ಕೆಎಂಎಫ್ ತಕರಾರು ತೆಗೆದು, ಜಗಳ ಸುಪ್ರೀಂ ಕೋರ್ಟ್ ಮುಟ್ಟಿತು. ನಂದಿನಿ ದೇವಿಯ ಹೆಸರು, ಪುರಾಣದ ಹಸುವಿನ ಹೆಸರು, ಕೆಎಂಎಫ್ ಹುಟ್ಟುಹಾಕಿದ ಪದವಲ್ಲ ಅಂತ 2018ರಲ್ಲಿ ತೀರ್ಪು ಬಂತು. ಹಾಲು, ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೋಟೆಲಿನವರಿಗೂ ನೋಂದಣಿ ಸಿಕ್ಕಿತು. ಸರಿಯಾಗೇ ಇದೆ. ಹಾಲಿನ ಪ್ಯಾಕೆಟ್ ನೋಡಿ ಗೊಂಗುರ ಚಟ್ನಿ ಜ್ಞಾಪಿಸಿಕೊಂಡವರನ್ನ ನಾನಂತೂ ಕಂಡಿಲ್ಲ.

ಆದರೆ ಅಷ್ಟು ದೂರ ಹೋಗೋ ತ್ರಾಣ ಗಲ್ಲಿಯ ಟೀ ಶರ್ಟ್ ಅಂಗಡಿಯವನಿಗೆ ಎಲ್ಲಿಂದ ಬರಬೇಕು? ವಕೀಲರ ಲೆಟರ್‌ಹೆಡ್ ನೋಡಿದ ಕೂಡಲೇ ಸ್ಟಾಕ್ ಒಳಗೆ ಇಡ್ತಾನೆ. ಆಧಾರವಿಲ್ಲದೆ ಬೆದರಿಸಿದವರ ಮೇಲೆ ತಿರುಗಿ ದಾವೆ ಹೂಡೋಕೆ 142ನೇ ಸೆಕ್ಷನ್ ಇದೆ, ನಿಜ. ಅದಕ್ಕೂ ಫೀಸು ಕಟ್ಟಬೇಕಲ್ಲ! ಸ್ಟಾಕ್ ಒಳಗಿಡೋ ಮುಂಚೆ ಒಂದು ಕೆಲಸ ಮಾಡಿ. ಆ ಹೆಸರು ಯಾವ ಕ್ಲಾಸ್‌ನಲ್ಲಿ, ಅಂದರೆ ಯಾವ ಬಗೆಯ ಸರಕಿಗೆ ನೋಂದಣಿಯಾಗಿದೆ, ಇಲ್ಲಾ ಬರೀ ಅರ್ಜಿ ಹಾಕಿ ಪಕ್ಕದಲ್ಲಿ ಟಿಎಂ ಅಂತ ಬರ್ಕೊಂಡಿದ್ದಾರಾ ಅಂತ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟ್‌ನಲ್ಲಿ ಹುಡುಕಿ ನೋಡಿ. ಅದಕ್ಕೆ ಕಾಸು ಕೇಳಲ್ಲ.