ಪಿಸುಮಾತಿನ ಬೋಗುಣಿಗೆ ಬೆನ್ನು
‘ಮುಟ್ಟಿ ಕಲಿಯಿರಿ’ ಎಂದು ವಿಜ್ಞಾನ ಕೇಂದ್ರದ ಬಾಗಿಲಲ್ಲೇ ದೊಡ್ಡ ಫಲಕ. ಒಳಗೆ ಹೋದರೆ ಮೊದಲ ಯಂತ್ರದ ಮೇಲೆಯೇ ‘ದುರಸ್ತಿಯಲ್ಲಿದೆ’ ಎಂಬ ಚೀಟಿ. ಅದರ ಅಂಟುಪಟ್ಟಿಯೇ ಹಳದಿಯಾಗಿ ಸುರುಳಿ ಸುತ್ತಿತ್ತು. ಹಾಳಾಗಲಿ, ಪಿಸುಮಾತಿನ ಬೋಗುಣಿಗಳು ಇವೆಯಲ್ಲ ಎಂದುಕೊಂಡೆ. ಎದುರುಬದುರು ನಿಂತ ಎರಡು ಪರವಲಯದ (ಪ್ಯಾರಾಬೋಲ ಆಕಾರದ) ದೊಡ್ಡ ಬೋಗುಣಿಗಳು. ಒಂದರ ನಾಭಿಯಲ್ಲಿ, ಅಂದರೆ ಅದರ ಮುಂದೆ ಧ್ವನಿ ಒಟ್ಟುಗೂಡುವ ಬಿಂದುವಿನಲ್ಲಿ, ಪಿಸುಗುಟ್ಟಿದ್ದು ಬೋಗುಣಿಗೆ ತಾಗಿ ಸಮಾಂತರವಾಗಿ ಹೊರಟು, ದೂರದ ಇನ್ನೊಂದರ ನಾಭಿಯಲ್ಲಿ ಮತ್ತೆ ಒಟ್ಟುಗೂಡುತ್ತದೆ. ವಿದ್ಯುತ್ತು ಬೇಡ, ಗುಂಡಿ ಬೇಡ, ಕೆಡುವ ಭಯವೂ ಇಲ್ಲ.

ಮಗಳು ಆ ತುದಿಗೆ ಓಡಿದಳು. ಈ ತುದಿಯಲ್ಲಿ ಒಂದು ಕುಟುಂಬ ಬೋಗುಣಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಿತ್ತು. ಹದಿನೈದು ನಿಮಿಷ! 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಎಂಬ ಮುಟ್ಟಿ ನೋಡುವ ವಿಜ್ಞಾನ ಸಂಗ್ರಹಾಲಯ ತೆರೆದ ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ ವಿಜ್ಞಾನವನ್ನು ಜನರ ಕೈಗಿಟ್ಟರು. ನಮ್ಮವರ ಕೈಯಲ್ಲಿ ಮೊದಲೇ ಮೊಬೈಲ್ ಇರುತ್ತದೆ, ಜಾಗವೆಲ್ಲಿ? ನನ್ನ ಸರದಿ ಬರಲೇ ಇಲ್ಲ. ಮಗಳಿಗೆ ಮಾತ್ರ ‘ಇನ್ನೊಂದು ತೆಗೆಯಿರಿ, ನಾನು ಕಣ್ಣು ಮುಚ್ಚಿದ್ದೆ’ ಎಂಬುದು ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತಂತೆ.