ನಮ್ಮ ಸೀರೆ ಚೀಟಿ

ಮೊನ್ನೆ ಒಂದು ಮದುವೆ ಮನೆಯಲ್ಲಿ ಪರಿಚಯದವರೊಬ್ಬರು ಕೇಳಿದರು, "ಮತ್ತೆ ಮೈಸೂರು ಸಿಲ್ಕೇನಾ? ನಿಮ್ಮ ಗುಂಪಿಗೆಲ್ಲ ಇದೊಂದೇ ಹುಚ್ಚಾ?" ನಗುತ್ತಲೇ ಕೇಳಿದ್ದು, ಬೇಜಾರಿಲ್ಲ. ಆದರೆ ಊಟದ ಗದ್ದಲದಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಇಲ್ಲಿ ಕೊಡುತ್ತೇನೆ.

ನಮ್ಮಮ್ಮ ಹಾಸನದ ಕಡೆಯ ದುದ್ದದ ಹತ್ತಿರದ ಹಳ್ಳಿಯವರು. ಡೈರಿಗೆ ಹಾಲು ಹಾಕಿ ಕೂಡಿಸಿದ ದುಡ್ಡಲ್ಲಿ 1991ರಲ್ಲಿ ಮೈಸೂರಿಗೆ ಹೋಗಿ ಒಂದು ಸೀರೆ ತಂದಿದ್ದರು. ಈರುಳ್ಳಿ ಸಿಪ್ಪೆ ಬಣ್ಣ, ಎರಡು ಬೆರಳಗಲದ ಜರಿ ಅಂಚು, ಮೈಯಲ್ಲಿ ಏನೂ ಇಲ್ಲ. ಈಗ ಅದು ನನ್ನ ಹತ್ತಿರ ಇದೆ. ಕೈಯಲ್ಲಿ ಹಿಡಿದರೆ ನೀರಿನ ಹಾಗೆ ಜಾರುತ್ತದೆ, ಆದರೂ ಒಂದು ತೂಕ ಇದೆ. ಅಂಚು ಇವತ್ತಿಗೂ ಕಪ್ಪಾಗಿಲ್ಲ. ಆ ಜರಿಯಲ್ಲಿ ನಿಜವಾದ ಬೆಳ್ಳಿ ಇದೆ, ಮೇಲೆ ಚಿನ್ನ ಇದೆ. ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ ಅಂತ ಈ ಸೀರೆ ಮಾಡುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯವರೇ ಹೇಳುತ್ತಾರೆ.

ನನ್ನ ಮೊದಲ ಸಂಬಳದಲ್ಲಿ ನಾನೂ ಒಂದು ತಗೊಂಡೆ. ಅಂಗಡಿಯವರು "ಪ್ಯೂರ್ ಮೈಸೂರು ಸಿಲ್ಕ್ ಮೇಡಂ" ಅಂದರು, ನಂಬಿದೆ. ವರ್ಷ ತುಂಬುವುದರೊಳಗೆ ಅಂಚು ಕಪ್ಪಾಯಿತು. ಆಫೀಸಿನ ಅಕ್ಕ ಒಬ್ಬರು ಸೆರಗಿನ ತುದಿಯಿಂದ ಒಂದು ಎಳೆ ತೆಗೆದು ಕಡ್ಡಿ ಗೀರಿದರು. ರೇಷ್ಮೆ ಆಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ ಗಟ್ಟಿ ಗುಂಡಾಯಿತು. ಅವತ್ತು ಕಣ್ಣಲ್ಲಿ ನೀರು ಬಂತು. ಆ ಅಕ್ಕನೇ ತನ್ನ ಸೀರೆ ತಂದು, ಅದರಲ್ಲಿ ಹೊಲಿದಿದ್ದ ಕೋಡ್ ನಂಬರ್, ಹಾಲೋಗ್ರಾಂ ಎಲ್ಲ ತೋರಿಸಿಕೊಟ್ಟರು. ಆಮೇಲೆ, "ನಮ್ಮ ಚೀಟಿಗೆ ಸೇರ್ಕೋ" ಅಂದರು.

ನಮ್ಮ ಸೀರೆ ಚೀಟಿ ಅಂದರೆ ಇಷ್ಟೇ. ಹಾಸನದ ಹನ್ನೆರಡು ಹೆಂಗಸರು, ತಿಂಗಳಿಗೆ ತಲಾ 2 ಸಾವಿರ. ಯಾರ ಹೆಸರು ಬರುತ್ತದೋ ಅವರಿಗೆ ಆ ತಿಂಗಳ 24 ಸಾವಿರ. ಟೀಚರ್ ಇದ್ದಾರೆ, ನರ್ಸ್ ಇದ್ದಾರೆ, ಟೈಲರ್ ಇದ್ದಾರೆ, ಸಕಲೇಶಪುರದ ಕಡೆ ಕಾಫಿ ತೋಟ ಇರುವವರೂ ಇದ್ದಾರೆ. ಒಟ್ಟಿಗೆ ಇಷ್ಟು ದುಡ್ಡು ಕೊಟ್ಟು ತನಗಂತ ಸೀರೆ ತಗೊಳ್ಳುವ ಧೈರ್ಯ ನಮ್ಮಲ್ಲಿ ಎಷ್ಟೋ ಜನಕ್ಕೆ ಬರುವುದೇ ಇಲ್ಲ. ಮಗಳ ಫೀಸು, ಮನೆ ಸಾಲ, ಏನಾದರೂ ಒಂದು ಮುಂದೆ ಬಂದು ನಿಲ್ಲುತ್ತದೆ. ಚೀಟಿ ಎತ್ತಿದ ದುಡ್ಡು ಸೀರೆಗೇ ಅಂತ ಎಲ್ಲರೂ ಸೇರಿ ಗಟ್ಟಿ ಮಾಡಿಕೊಂಡಿದ್ದೇವೆ.

ಇನ್ನು ಬಣ್ಣ. ಗಿಣಿ ಹಸಿರು, ಕನಕಾಂಬರ, ಬದನೆಕಾಯಿ ಬಣ್ಣ, ಮಾವಿನ ಚಿಗುರು, ಕುಂಕುಮ ಕೆಂಪು. ಹೆಸರು ಹೇಳುತ್ತಿದ್ದರೇ ಖುಷಿ ಅಲ್ವಾ! ಮಗ್ಗದಲ್ಲಿದ್ದಾಗ ಈ ಸೀರೆಗೆ ಬಣ್ಣವೇ ಇರುವುದಿಲ್ಲ. ಬಿಗಿಯಾಗಿ ಹುರಿ ಮಾಡಿದ ರೇಷ್ಮೆ ನೂಲಲ್ಲಿ, ಜರಿ ಅಂಚು ಸಮೇತ ನೇಯುತ್ತಾರೆ. ಆಮೇಲೆ ರೇಷ್ಮೆಯ ಅಂಟು ತೆಗೆದು, ಇಡೀ ಸೀರೆಯನ್ನೇ ಬಣ್ಣಕ್ಕೆ ಹಾಕುತ್ತಾರೆ. ಅದಕ್ಕೇ ಆ ಬಣ್ಣ ಅಷ್ಟು ತುಂಬಿಕೊಂಡು ಕಾಣುತ್ತದೆ. "ಡಿಸೈನೇ ಇಲ್ಲ, ಎಲ್ಲ ಒಂದೇ ಥರ" ಅನ್ನುವವರಿಗೆ ನಾನು ಹೇಳುವುದು, ಸ್ವಲ್ಪ ಹೊತ್ತು ಆ ಬಣ್ಣವನ್ನೇ ನೋಡಿ. ಮೈತುಂಬ ಬುಟ್ಟಾ ಬೇಕು ಅಂತ ಆಗ ಅನಿಸುವುದಿಲ್ಲ.

ಈ ಸೀರೆ ನೇಯುವುದು 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರು ಮಾಡಿದ ಕಾರ್ಖಾನೆಯಲ್ಲಿ. ಅದು ಇವತ್ತಿಗೂ ಸರ್ಕಾರದ್ದೇ. ಟಿ. ನರಸೀಪುರದಲ್ಲಿ ನೂಲು ತೆಗೆದು ಮೈಸೂರಿನಲ್ಲಿ ನೇಯುತ್ತಾರೆ. ಗೂಡು ಬೆಳೆಯುವ ರೈತನಿಂದ ಹಿಡಿದು ನೇಯುವವರ ತನಕ ನಮ್ಮವರೇ ಅನ್ನುವುದು ನನಗೆ ದೊಡ್ಡ ವಿಷಯ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ದಯವಿಟ್ಟು ಇದನ್ನು ಬೀರುವಿನಲ್ಲಿ ಕೂಡಿ ಹಾಕಬೇಡಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಮಡಿಕೆಯಲ್ಲೇ ಸೀಳುತ್ತದೆ. ಹಳೇ ಬಿಳಿ ಪಂಚೆಯಲ್ಲಿ ಸುತ್ತಿಡಿ, ಆಗಾಗ ಮಡಿಕೆ ಬದಲಿಸಿ. ಎಲ್ಲಕ್ಕಿಂತ ಮುಖ್ಯ, ಉಡಿ. ಸುಮ್ನೆ ಒಂದು ಸೋಮವಾರ ಆಫೀಸಿಗೆ ಉಟ್ಟುಕೊಂಡು ಹೋಗಿ. ಅಮ್ಮ ಆ ಸೀರೆಯನ್ನು ಮೂವತ್ತು ವರ್ಷದಲ್ಲಿ ಉಟ್ಟಿದ್ದು ಹತ್ತು ಸಲವೂ ಇಲ್ಲ. "ಹಾಳಾಗುತ್ತೆ ಕಣೇ" ಅನ್ನುತ್ತಿದ್ದರು. ಈಗ ಅದನ್ನು ಉಡುವಾಗೆಲ್ಲ, ಅಮ್ಮ ಇದನ್ನು ಮನಸಾರೆ ಉಡಲಿಲ್ಲವಲ್ಲ ಅಂತ ನನಗೆ ಸಂಕಟ.

ಹೋದ ಸಲ ಹಾಸನಾಂಬೆ ಬಾಗಿಲು ತೆಗೆದಾಗ ಬೆಳಗಿನ ಜಾವ ದರ್ಶನದ ಸಾಲಲ್ಲಿ ನಿಂತಿದ್ದೆ. ಮುಂದೆ ಒಬ್ಬರು ಅಜ್ಜಿ, ನೇರಳೆ ಮೈಸೂರು ಸಿಲ್ಕ್. ನನ್ನ ಅಂಚು ಮುಟ್ಟಿ ನೋಡಿ, "ಹಳೇದು ಅಲ್ವೇನವ್ವಾ, ಈ ಬಣ್ಣ ಈಗ ಬರಲ್ಲ" ಅಂದರು. ಗರ್ಭಗುಡಿ ಹತ್ತಿರ ಬರುವ ತನಕ ಇಬ್ಬರೂ ಸೀರೆ ವಿಷಯ ಮಾತಾಡಿದೆವು. ಅವರ ಹೆಸರು ಕೇಳುವುದೇ ಮರೆತುಹೋಯಿತು.

ಭಾನುವಾರ ಸ್ಟೀಲ್ ಡಬ್ಬಿಯಿಂದ ಚೀಟಿ ಎತ್ತಿದ್ದು ಟೈಲರ್ ಅಕ್ಕನ ಮೊಮ್ಮಗಳು. ಹತ್ತು ತಿಂಗಳಿಂದ ಕಾಯುತ್ತಿದ್ದ ಅಂಗನವಾಡಿ ಟೀಚರ್ ಹೆಸರು ಬಂತು. ಅವರು ಚೀಟಿ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಶನಿವಾರ ರೈಲಿಗೆ ಐದು ಜನ ಮೈಸೂರಿಗೆ ಹೊರಟಿದ್ದೇವೆ. ಗಿಣಿ ಹಸಿರೇ ಬೇಕಂತೆ. ಸಿಗದಿದ್ದರೆ ಮಾವಿನ ಚಿಗುರು.